ಮಡಿಮನೆ

ಜಯಶೀಲಾ ಆ ಗಾಜಿನ ಮನೆಯೊಳಗೆ ಹೋದದ್ದು ಒಂದು ವರ್ಷದ ಮಟ್ಟಿಗೆ ಎಂದು ಹೇಳಿ. ಹೊರಗೆ ಬಂದದ್ದು ಆರು ವರ್ಷದ ಮೇಲೆ, ಅದೂ ಯಾರ ಅಪ್ಪಣೆಯೂ ಇಲ್ಲದೆ.

ಹಾಸನದಿಂದ ಅರಕಲಗೂಡಿನ ಕಡೆಗೆ ಹೋಗುವ ರಸ್ತೆಯಲ್ಲಿ, ಊರುಗಳಿಂದ ಸಾಕಷ್ಟು ದೂರಕ್ಕೆ, ಬಯಲ ನಡುವೆ ಆ ಮನೆ ಇತ್ತು. ಆಲೂಗೆಡ್ಡೆ ಸಂಶೋಧನಾ ಕೇಂದ್ರದ ಕಾಗದಪತ್ರಗಳಲ್ಲಿ ಅದರ ಹೆಸರು ಜೀವಾಣು ಸಂರಕ್ಷಣಾ ಘಟಕ. ಸುತ್ತಿನ ಹಳ್ಳಿಯವರು ಕರೆಯುತ್ತಿದ್ದದ್ದು ಮಡಿಮನೆ ಎಂದು. ಒಳಗಿದ್ದವರನ್ನು ಯಾರೂ ಮುಟ್ಟುವ ಹಾಗಿಲ್ಲ, ಒಳಗಿದ್ದವರು ಹೊರಗಿನ ಏನನ್ನೂ ಮುಟ್ಟುವ ಹಾಗಿಲ್ಲ. ಇದಕ್ಕಿಂತ ಸರಿಯಾದ ಹೆಸರು ಸಿಕ್ಕುವಂತಿರಲಿಲ್ಲ.

ಆ ಹೊತ್ತಿಗೆ ಹಾಸನದ ಸೀಮೆಯಲ್ಲಿ ಆಲೂಗೆಡ್ಡೆ ಬೆಳೆಯುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಮುಂಗಾರಿನ ಮೋಡ ಕವಿದುಕೊಂಡು ಜಿಟಿಜಿಟಿ ಹಿಡಿದರೆ ಸಾಕು, ಅಂಗಮಾರಿ ಬೀಳುತ್ತಿತ್ತು. ಹಸಿರಾಗಿ ನಿಂತ ಹೊಲ ವಾರದೊಳಗೆ ಬೆಂಕಿ ತಾಗಿದ ಹಾಗೆ ಕಪ್ಪಾಗುತ್ತಿತ್ತು. ಹೊಡೆದ ಯಾವ ಔಷಧಿಯೂ ನಾಟುತ್ತಿರಲಿಲ್ಲ. ಅಂಥ ಒಂದು ಮಳೆಗಾಲದಲ್ಲಿ ಕೇಂದ್ರದ ನಿರ್ದೇಶಕಿ ಡಾ. ಅಂಬುಜಾಕ್ಷಿ ಮತ್ತು ಅವರ ಕೈಕೆಳಗೆ ಆಗತಾನೆ ಸೇರಿದ್ದ ಜಯಶೀಲಾ, ಒಂದು ಕೆರೆ ಏರಿಯ ಪಕ್ಕ ಬೀಳುಬಿದ್ದ ಜಾಗದಲ್ಲಿ ತಾನಾಗಿ ಹುಟ್ಟಿಕೊಂಡಿದ್ದ ನಾಲ್ಕಾರು ಆಲೂ ಗಿಡಗಳನ್ನು ಕಂಡರು. ಸುತ್ತೆಲ್ಲ ಹೊಲ ಸತ್ತಿದ್ದರೂ ಅವಕ್ಕೆ ಒಂದು ಚುಕ್ಕೆಯೂ ಬಿದ್ದಿರಲಿಲ್ಲ.

ಕಾರಣ ಬೇರಿನಲ್ಲಿತ್ತು. ಅಲ್ಲಿ ಒಂದು ಶಿಲೀಂಧ್ರ ವಾಸವಾಗಿತ್ತು. ಕೂದಲಿಗಿಂತ ಸಣ್ಣನೆಯ ಅದರ ಎಳೆಗಳು ಬೇರು ಮುಟ್ಟಲಾರದಷ್ಟು ದೂರಕ್ಕೆ ಮಣ್ಣಿನಲ್ಲಿ ಹರಡಿ ಗಿಡಕ್ಕೆ ನೀರನ್ನೂ ರಂಜಕವನ್ನೂ ತಂದುಕೊಡುತ್ತಿದ್ದವು. ಗಿಡ ಅದಕ್ಕೆ ಬದಲಾಗಿ ತಾನು ಬಿಸಿಲಿನಲ್ಲಿ ಮಾಡಿದ ಸಕ್ಕರೆಯನ್ನು ಕೊಡುತ್ತಿತ್ತು. ಇಷ್ಟು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಹೊಸದು ಏನೆಂದರೆ, ಆ ಎಳೆಗಳ ಮೈಮೇಲೆ ಒಂದು ಬ್ಯಾಕ್ಟೀರಿಯಾ ಸಂಸಾರ ಹೂಡಿತ್ತು. ಮಣ್ಣಿನಲ್ಲಿ ಗಟ್ಟಿಯಾಗಿ ಕಟ್ಟಿಕೊಂಡ ರಂಜಕವನ್ನು ಕರಗಿಸಿ ಎಳೆಗೆ ಒಪ್ಪಿಸುವುದು ಅದರ ಕೆಲಸ. ಜೊತೆಗೆ ಅದು ಹುಟ್ಟಿಸುತ್ತಿದ್ದ ಒಂದು ರಸ ಬೇರಿನಿಂದ ಎಲೆಯ ತುದಿಯವರೆಗೆ ಏರಿ ಅಂಗಮಾರಿಯನ್ನು ತಡೆಯುತ್ತಿತ್ತು.

ರೈತರು ಇವೆರಡನ್ನೂ ಸೇರಿಸಿ ‘ಜೋಡಿ’ ಎಂದರು. ಜೋಡಿಯನ್ನು ಬೇರೆ ಮಾಡಿದರೆ ಉಳಿಯುತ್ತಿರಲಿಲ್ಲ. ಶಿಲೀಂಧ್ರ ಜೀವಂತ ಬೇರಿಲ್ಲದೆ ಬೆಳೆಯದು. ಬ್ಯಾಕ್ಟೀರಿಯಾವನ್ನು ಸೀಸೆಯಲ್ಲಿ ಒಂದನ್ನೇ ಬೆಳೆಸಿದರೆ ಚೆನ್ನಾಗಿಯೇ ಹೆಚ್ಚುತ್ತಿತ್ತು, ಆದರೆ ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಆ ರಸ ಮಾಡುವುದನ್ನು ಮರೆತುಬಿಡುತ್ತಿತ್ತು. ಹಾಗಾಗಿ ಎರಡನ್ನೂ ಯಾವಾಗಲೂ ಒಟ್ಟಿಗೆ, ಜೀವಂತ ಗಿಡದ ಬೇರಿನ ಮೇಲೆಯೇ ಸಾಕಬೇಕಿತ್ತು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಬ್ಯಾಕ್ಟೀರಿಯಾಗಳಿಗೂ ಕಾಯಿಲೆ ಬರುತ್ತದೆ. ಅವನ್ನೇ ಹಿಡಿದು ಕೊಲ್ಲುವ ಒಂದು ಜಾತಿಯ ವೈರಸ್ಸುಗಳಿಗೆ ಫೇಜ್ ಎನ್ನುತ್ತಾರೆ. ಜೋಡಿಯನ್ನು ಹೊಲಗಳಿಗೆ ಹಾಕಿದ ಒಂದೇ ಹಂಗಾಮಿನಲ್ಲಿ ಅದಕ್ಕೆ ತಕ್ಕ ಫೇಜ್ ಹುಟ್ಟಿಕೊಂಡಿತು. ಜನರ ಕಾಲಿಗೆ, ಕೈಗೆ, ಗುದ್ದಲಿಗೆ, ಗೋಣಿಚೀಲಕ್ಕೆ ಅಂಟಿಕೊಂಡು ಊರಿಂದೂರಿಗೆ ಹೋಯಿತು. ಬಿತ್ತನೆಯ ಹೊತ್ತಿಗೆ ಜೋಡಿ ಹಾಕಿದರೆ ಗೆಡ್ಡೆ ಕಟ್ಟುವ ತನಕ ಹೇಗೋ ತಡೆಯುತ್ತಿತ್ತು. ಆಮೇಲೆ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕುತ್ತಿರಲಿಲ್ಲ. ಹಾಗಾಗಿ ಅಗೆತವಾದ ಕೂಡಲೇ ಹೊಲಕ್ಕೆ ಸುಣ್ಣ ಎರಚಿ ಎಲ್ಲವನ್ನೂ ಕೊಂದುಬಿಡಬೇಕು, ಮರುವರ್ಷ ಹೊಸ ಜೋಡಿ ಒಯ್ಯಬೇಕು ಎಂದು ಕೇಂದ್ರ ಕಟ್ಟುನಿಟ್ಟು ಮಾಡಿತು. ಆ ಹೊಸ ಜೋಡಿ ಬರಲು ಫೇಜ್ ಮುಟ್ಟದ ಒಂದು ತಾಣ ಬೇಕಲ್ಲ. ಅದೇ ಮಡಿಮನೆ.

ಮೊದಲು ಅಲ್ಲಿ ಮೂವರು ಸರದಿಯಂತೆ ಒಳಗೆ ಹೊರಗೆ ಓಡಾಡುತ್ತಿದ್ದರು. ಎಷ್ಟು ತೊಳೆದುಕೊಂಡರೂ ಯಾರದೋ ಉಗುರಿನ ಸಂದಿಯಲ್ಲೋ ಕೂದಲಲ್ಲೋ ಫೇಜ್ ಒಳಗೆ ಹೋಯಿತು. ಗಿಡ ಬೆಳೆಸಿದ್ದ ಮಡಿಗಳಲ್ಲಿ ಅರ್ಧವನ್ನು ಕಿತ್ತು ಸುಡಬೇಕಾಯಿತು. ಅಂದಿನಿಂದ ಓಡಾಟ ನಿಂತಿತು. ಒಬ್ಬರು ಒಳಗಿರಬೇಕು, ಅವರೇ ಇರಬೇಕು ಎಂದಾಯಿತು. ಜಯಶೀಲಾ ತಾನೇ ಮುಂದೆ ಬಂದಳು. ಆ ಗಿಡಗಳನ್ನು ಕೆರೆ ಏರಿಯಿಂದ ಮಣ್ಣುಸಮೇತ ಎತ್ತಿ ತಂದವಳು ಅವಳು. ಒಂದು ವರ್ಷವಷ್ಟೇ ಎಂದು ಗಂಡನಿಗೂ ಹೇಳಿದಳು.

ಗಂಡ ಶಿವನಂಜು ಲಾರಿ ಇಟ್ಟುಕೊಂಡಿದ್ದ. ಜಲಂಧರದಿಂದ ಬಿತ್ತನೆ ಗೆಡ್ಡೆ ತರುವುದು ಅವನ ಕಸುಬು. ತಿಂಗಳಲ್ಲಿ ಅರ್ಧದಷ್ಟು ದಿನ ದಾರಿಯ ಮೇಲೇ ಇರುತ್ತಿದ್ದವನು. ಒಂದು ವರ್ಷ ತಾನೇ, ಇನ್ನು ಮೇಲೆ ಮನೆಯಲ್ಲಿ ಕಾಯುವ ಸರದಿ ನನ್ನದು ಎಂದು ನಕ್ಕು ಒಪ್ಪಿದ್ದ.

ಒಳಗಿನ ಬದುಕು ಕಷ್ಟದ್ದೇನಲ್ಲ. ಹನ್ನೆರಡು ಮಡಿ ಗಿಡಗಳು, ಒಂದು ಮಲಗುವ ಕೋಣೆ, ಅಡುಗೆಗೆ ಒಂದು ಮೂಲೆ, ಮತ್ತೆ ಯಂತ್ರಗಳ ಕೋಣೆ. ಮಣ್ಣಿನ ತೇವ, ಗಾಳಿಯ ಒತ್ತಡ, ಕುದಿಸಿ ಒಳಬಿಡುವ ನೀರಿನ ಬಿಸಿ ಎಲ್ಲ ಅಲ್ಲಿ ಪರದೆಯ ಮೇಲೆ ಕಾಣುತ್ತಿತ್ತು. ಅವಳು ಬೆಳಗ್ಗೆ ಎದ್ದು ಪ್ರತಿ ಮಡಿಯಿಂದ ಒಂದು ಚೂರು ಬೇರು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಿದ್ದಳು. ಎಳೆಗಳ ಹೊರಮೈ ಮೇಲೆ ಬ್ಯಾಕ್ಟೀರಿಯಾ ದಟ್ಟವಾಗಿ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಇರುತ್ತಿದ್ದವು. ನೋಡಿ, ಸರಿ ಇದ್ದೀರಿ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಒಮ್ಮೊಮ್ಮೆ ಇಡೀ ದಿನದಲ್ಲಿ ಅವಳ ಬಾಯಿಂದ ಬರುತ್ತಿದ್ದ ಮಾತು ಅದೊಂದೇ.

ಊಟ ಸಾಮಾನೆಲ್ಲ ವಿಕಿರಣ ಹಾಯಿಸಿದ ಪೊಟ್ಟಣಗಳಲ್ಲಿ ಬರುತ್ತಿತ್ತು. ಅಕ್ಕಿ, ಬೇಳೆ, ಸಕ್ಕರೆ, ರಾಗಿ ಹಿಟ್ಟು. ಹಸಿ ಸೊಪ್ಪು, ಹೂವು, ಇನ್ನೊಬ್ಬರ ಅಡುಗೆ ಮಾತ್ರ ಬರುವಂತಿರಲಿಲ್ಲ. ಮೊದಲ ವರ್ಷ ಅವಳಿಗೆ ಸಂತೆ ನೆನಪಾಗುತ್ತಿತ್ತು. ಎರಡನೆಯ ವರ್ಷ ಬಸ್ಸಿನಲ್ಲಿ ಪಕ್ಕದವರ ಮೈ ತಾಗುತ್ತಿದ್ದುದು. ಆಮೇಲಾಮೇಲೆ ಯಾವುದು ನೆನಪಾಗುತ್ತದೆ ಎಂಬುದೂ ಅವಳಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಕೆಲಸ ಮಾಡುತ್ತ ಮಾಡುತ್ತ ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟು ಹಿಡಿದುಕೊಂಡು ನಿಂತುಬಿಡುತ್ತಿದ್ದಳು.

ಅವಳ ಜಾಗಕ್ಕೆ ಬರುವವರು ಸಿಗಲಿಲ್ಲ. ಒಬ್ಬ ಒಪ್ಪಿ ಕೊನೆಗೆ ಬರಲಿಲ್ಲ. ಇನ್ನೊಬ್ಬಳು ಒಳಗೆ ಬರುವ ಮೊದಲಿನ ಶುದ್ಧೀಕರಣದ ಕೋಣೆಯಲ್ಲೇ ಕುಳಿತು ಅತ್ತು ವಾಪಸು ಹೋದಳು. ಹಾಗೆ ಯಾರೋ ಬಂದು ಮತ್ತೆ ಫೇಜ್ ತರುವುದಕ್ಕಿಂತ ಇನ್ನೊಂದು ಹಂಗಾಮು ನೀನೇ ಇರಮ್ಮ ಎಂದು ಅಂಬುಜಾಕ್ಷಿ ಕೇಳುತ್ತಿದ್ದರು. ಕಿಟಕಿಯಾಚೆ ಜೋಡಿ ಹಿಡಿದ ಬೇರು ಮಣ್ಣಿನ ಚೀಲಗಳಿಗಾಗಿ ನಿಂತ ಗಾಡಿಗಳು ಕಾಣುತ್ತಿದ್ದವು. ಆ ಚೀಲಗಳ ಮೇಲೆ ಇಡೀ ಸೀಮೆಯ ಬಿತ್ತನೆ ನಿಂತಿದೆ ಎಂದು ಅವಳಿಗೆ ಗೊತ್ತಿತ್ತು. ಹೂಂ ಎನ್ನುತ್ತಿದ್ದಳು.

ಶಿವನಂಜು ಭಾನುವಾರ ಮಧ್ಯಾಹ್ನ ಬರುತ್ತಿದ್ದ. ಗಾಜಿನ ಆಚೆ ಅವನಿಗೊಂದು ಪ್ಲಾಸ್ಟಿಕ್ ಕುರ್ಚಿ, ಈಚೆ ಅವಳಿಗೊಂದು ಸ್ಟೂಲು, ಮಾತಿಗೆ ಗೋಡೆಯಲ್ಲೊಂದು ಮೈಕು. ಮೊದಮೊದಲು ಮಾತು ಮುಗಿಯುತ್ತಲೇ ಇರಲಿಲ್ಲ. ಅವನು ದಾರಿಯ ಸುದ್ದಿ ಹೇಳುತ್ತಿದ್ದ, ಯಾವ ಢಾಬಾದವನು ಮಗಳ ಮದುವೆ ಮಾಡಿದ, ಎಲ್ಲಿ ಚಳಿಗೆ ಡೀಸೆಲ್ ಗಟ್ಟಿಯಾಯಿತು. ಅವಳು ಮಡಿಗಳ ಸುದ್ದಿ ಹೇಳುತ್ತಿದ್ದಳು. ಬರುಬರುತ್ತ ಅವನಿಗೆ ಸಕ್ಕರೆ ಕಾಯಿಲೆ ಬಂತು, ದೂರದ ಬಾಡಿಗೆ ಕಡಿಮೆ ಮಾಡಿದ, ಹೇಳುವುದೂ ಕಡಿಮೆಯಾಯಿತು. ಅವಳ ಕಡೆ ಹೇಳಲು ಹೊಸದೇನು ಇರುತ್ತದೆ? ಉಂಡ್ರಾ, ಉಂಡೆ, ಮಾತ್ರೆ ತಗೊಂಡ್ರಾ, ತಗೊಂಡೆ. ಆಮೇಲೆ ಇಬ್ಬರೂ ಸುಮ್ಮನೆ ಗಿಡಗಳನ್ನು ನೋಡುತ್ತ ಕೂರುತ್ತಿದ್ದರು.

ಆರು ವರ್ಷ ತುಂಬಿ ಯುಗಾದಿಯೂ ಕಳೆದ ಮೇಲಿನ ಒಂದು ಭಾನುವಾರ ಅವನು ಬೇಗ ಬಂದ. ಬಿಸಿಲು ಸುಡುತ್ತಿತ್ತು. ಕುರ್ಚಿಯ ತುದಿಯಲ್ಲಿ ಕೂತು ಕೈ ಉಜ್ಜಿಕೊಂಡ.

“ಶೀಲಾ, ನಾನು ಇನ್ನು ಬರೋದು ಬೇಡ ಅಂದ್ಕೊಂಡಿದ್ದೀನಿ.”

ಅವಳು ಮೈಕಿನ ಗುಂಡಿ ಒತ್ತಿ ಹಿಡಿದಳು.

“ನಿನ್ ಮೇಲೆ ಬೇಜಾರಿಲ್ಲ. ಇಲ್ಲಿಗೆ ಬಂದು ಹೋದ್ರೆ ಎರಡು ದಿನ ಮನೇಲಿ ಇರೋಕಾಗಲ್ಲ ನಂಗೆ. ಬರದೇ ಇದ್ರೆ ಇರಬಹುದೇನೋ.”

ಅವನು ಇದನ್ನು ದಾರಿಯುದ್ದಕ್ಕೂ ಹೇಳಿಕೊಂಡು ಅಭ್ಯಾಸ ಮಾಡಿ ಬಂದಿದ್ದಾನೆ ಎಂದು ಅವಳಿಗೆ ತಿಳಿಯಿತು. ಮುಂದೆ ಇನ್ನೇನೋ ಹೇಳಹೊರಟವನ ಮಾತು ತೊದಲಿತು. ಹಣೆಯ ಮೇಲೆ ಬೆವರು ಹನಿಹನಿಯಾಗಿ ನಿಂತಿತ್ತು. ಅಂಗಿ ಪೂರ್ತಿ ಒದ್ದೆಯಾಗಿತ್ತು. ಊಟ ಮಾಡಿದಿರಾ ಎಂದು ಕೇಳಿದಳು. ಇನ್ಸುಲಿನ್ ಇಂಜೆಕ್ಷನ್ ತಗೊಂಡೆ, ಊಟ ಸೇರಲಿಲ್ಲ ಎನ್ನುವುದು ಅರ್ಧಂಬರ್ಧ ಕೇಳಿಸಿತು. ಮೈಯಲ್ಲಿ ಸಕ್ಕರೆ ತೀರ ಇಳಿದಿದೆ ಎಂದು ಅವಳಿಗೆ ಹೊಳೆಯಿತು.

ಚೀಲಗಳನ್ನು ಹೊರಗೆ ತಳ್ಳುವ ಕಿಂಡಿಯೊಂದಿತ್ತು. ಅದರಿಂದ ಸಕ್ಕರೆ ಡಬ್ಬಿ ಹೊರಗೆ ತಳ್ಳಿ, ತಗೊಳ್ಳಿ, ಬಾಯಿಗೆ ಹಾಕ್ಕೊಳ್ಳಿ ಎಂದು ಮೈಕಿನಲ್ಲಿ ಹೇಳಿದಳು. ಅವನು ಎದ್ದ, ಎರಡು ಹೆಜ್ಜೆ ಇಟ್ಟ, ಮಗ್ಗುಲಾಗಿ ನೆಲಕ್ಕೆ ಬಿದ್ದ. ಗೇಟಿನ ಕಾವಲುಗಾರ ಊಟಕ್ಕೆ ಹೋಗಿದ್ದ, ಫೋನು ಸುಮ್ಮನೆ ಬಡಿದುಕೊಂಡಿತು. ಆಂಬುಲೆನ್ಸಿನವರು ಅರ್ಧ ಗಂಟೆಯಾದರೂ ಬೇಕೆಂದರು. ಗಾಜಿನಾಚೆ ಅವನ ಕಾಲು ಅದುರುತ್ತಿತ್ತು.

ಅವಳು ಹಿಂತಿರುಗಿ ಮಡಿಗಳನ್ನು ನೋಡಿದಳು. ಮುಂಗಾರಿನ ಬಿತ್ತನೆಗೆ ಇನ್ನು ಕೆಲವೇ ವಾರ. ಹೊಸ ಚೀಲಗಳು ಇನ್ನೂ ತಯಾರಾಗಿರಲಿಲ್ಲ. ಬಾಗಿಲು ತೆಗೆದರೆ ಈ ಸಲ ಯಾವ ಹೊಲಕ್ಕೂ ಜೋಡಿಯಿಲ್ಲ, ಮುಂದೆಂದೂ ಇಲ್ಲದಿರಬಹುದು. ಇದನ್ನೆಲ್ಲ ಅವಳು ಯೋಚಿಸಿದ್ದು ನಿಜ. ಆಮೇಲೆ ವಿಚಾರಣೆಯಲ್ಲಿ ಹಾಗೆಯೇ ಹೇಳಿದಳು ಕೂಡ, ಗಾಬರಿಯಲ್ಲಿ ಮಾಡಿದ್ದಲ್ಲ ಎಂದು. ಯೋಚಿಸಿಯೇ ಒಳಬಾಗಿಲು ತೆಗೆದಳು. ಅದು ಮುಚ್ಚಿಕೊಳ್ಳುವ ತನಕ ಹೊರಬಾಗಿಲು ತೆರೆಯುವಂತಿರಲಿಲ್ಲ. ಅಷ್ಟು ಹೊತ್ತು ಕಾಯದೆ ಸ್ಟೂಲಿನಿಂದ ಹೊರಬಾಗಿಲ ಗಾಜು ಒಡೆದು ದಾಟಿದಳು.

ಹೊರಗಿನ ಬಿಸಿ ಮುಖಕ್ಕೆ ಹೊಡೆಯಿತು. ಮಣ್ಣಿನ ಮೇಲೆ ಮಂಡಿಯೂರಿ, ಸಕ್ಕರೆಯನ್ನು ನೀರಿನಲ್ಲಿ ಕಲಸಿ, ಗಂಡನನ್ನು ಮಗ್ಗುಲಿಗೆ ತಿರುಗಿಸಿ ಕೆನ್ನೆಯ ಒಳಗಡೆ ಸ್ವಲ್ಪ ಸ್ವಲ್ಪವೇ ಸವರಿದಳು. ಅವನ ಗಡ್ಡ ಚುಚ್ಚುತ್ತಿತ್ತು. ಅವನ ಮೈಯಿಂದ ಬೆವರು, ಬೀಡಿ, ಡೀಸೆಲ್ ವಾಸನೆ ಬರುತ್ತಿತ್ತು. ಕೊನೆಗೂ ಅವನು ಕಣ್ಣು ಬಿಟ್ಟು, ತನ್ನ ಮುಖದ ಮೇಲಿದ್ದ ಕೈಯನ್ನು ಗುರುತು ಹಿಡಿಯಲಾಗದೆ ನೋಡಿದ.

“ಬಾಗಿಲು ಯಾಕೆ ತೆಗೆದೆ?” ಎಂದ.

ಅವಳು ಅವನನ್ನು ಎಬ್ಬಿಸಿ ಕೂರಿಸಿದಳು. ಆಂಬುಲೆನ್ಸು ಬರುವ ತನಕ ಇಬ್ಬರೂ ಗೋಡೆಯ ನೆರಳಿನಲ್ಲಿ ಕೂತಿದ್ದರು. ಅವಳು ಅವನ ತೋಳು ಬಿಡಲಿಲ್ಲ.

ವಾರ ಕಳೆಯುವ ಮೊದಲೇ ಮಡಿಗಳಲ್ಲಿ ಫೇಜ್ ಕಾಣಿಸಿತು. ಬೇರಿನ ಚೂರುಗಳನ್ನು ನೋಡಿದರೆ ಎಳೆಗಳ ಹೊರಮೈ ಬರಿದಾಗಿತ್ತು. ಒಡೆದ ಬಾಗಿಲಿನಿಂದ ಅಂಗಮಾರಿಯೂ ಒಳಗೆ ಬಂತು. ಅಂಬುಜಾಕ್ಷಿ ಬೈಯಲಿಲ್ಲ. ಗಾಜಿನ ಚೂರುಗಳ ನಡುವೆ ನಿಂತು, ಒಂದು ಜೀವಕ್ಕೆ ಇಷ್ಟೂ ಹೋಯಿತು ಎಂದು ಲೆಕ್ಕ ಹಾಕುವ ಹಕ್ಕು ತನಗಿಲ್ಲ, ಆದರೆ ಊರವರು ಹಾಕುತ್ತಾರೆ ಎಂದಷ್ಟೇ ಹೇಳಿದರು. ಊರವರು ಹಾಕಿದರು. ಆ ಮುಂಗಾರಿನಲ್ಲಿ ಸೀಮೆಯಲ್ಲಿ ಆಲೂಗೆಡ್ಡೆ ಬಿತ್ತಲಿಲ್ಲ, ಎಲ್ಲರೂ ಜೋಳ ಹಾಕಿದರು. ಅಂಬುಜಾಕ್ಷಿ ನಿವೃತ್ತಿ ತೆಗೆದುಕೊಂಡರು. ಎಲ್ಲ ಮಡಿ ಕಿತ್ತು, ಸುಟ್ಟು, ಸುಣ್ಣ ಹಾಕಿ ಕೀಲಿಕೈ ಒಪ್ಪಿಸಬೇಕೆಂದು ಜಯಶೀಲಾಗೆ ಆದೇಶ ಬಂತು.

ಅವಳು ಮನೆಗೆ ಹೋದಳು. ಮನೆಯಲ್ಲಿ ಉಪ್ಪಿನ ಡಬ್ಬಿ ಬೇರೆ ಕಡೆ ಇತ್ತು. ಶಿವನಂಜು ಮಂಚದ ನಡುವೆ ಮಲಗುವುದನ್ನು ರೂಢಿ ಮಾಡಿಕೊಂಡಿದ್ದ. ಅವಳು ಬಂದ ಮೇಲೆ ಅಂಚಿಗೆ ಸರಿದು ಮೈ ಬಿಗಿಹಿಡಿದು ಮಲಗುತ್ತಿದ್ದ. ಅವನು ಎದುರಿಗೆ ಬಂದು ನಿಂತರೆ ಅವಳ ಮೈ ತಾನಾಗಿ ಒಂದು ಹೆಜ್ಜೆ ಹಿಂದೆ ಹೋಗುತ್ತಿತ್ತು. ಅವನು ಅದನ್ನು ನೋಡಿ ನೋಡದವನಂತೆ ಇರುತ್ತಿದ್ದ. ಒಬ್ಬರಿಗೊಬ್ಬರು ತುಂಬ ಮರ್ಯಾದೆಯಿಂದ ನಡೆದುಕೊಂಡರು. ಕೆಲವು ದಿನದ ಮೇಲೆ ಅವನು ಮತ್ತೆ ದೂರದ ಬಾಡಿಗೆ ಒಪ್ಪಿಕೊಂಡ. ದಾರಿಯಿಂದ ಫೋನ್ ಮಾಡಿದಾಗ ಮಾತ್ರ ಇಬ್ಬರಿಗೂ ಮಾತು ಚೆನ್ನಾಗಿ ಬರುತ್ತಿತ್ತು. ಊರಿಗೆ ಬಂದರೆ ಮತ್ತೆ ಬತ್ತುತ್ತಿತ್ತು.

ಮಡಿಮನೆಯ ಕೆಲಸವನ್ನು ಅವಳು ಒಬ್ಬಳೇ ಮಾಡಿದಳು. ಹನ್ನೊಂದು ಮಡಿ ಕಿತ್ತು ಸುಟ್ಟಳು. ಕೊನೆಯದನ್ನು ನಾಳೆ ಮಾಡೋಣವೆಂದು ಬಿಟ್ಟಳು. ಅದು ಕೆರೆ ಏರಿಯ ಗಿಡಗಳ ನೇರ ಸಂತಾನ. ಹಾಗೆ ಬಿಟ್ಟದ್ದರಲ್ಲಿ ದೂರದೃಷ್ಟಿಯೇನೂ ಇರಲಿಲ್ಲ, ಆ ಸಂಜೆ ಅವಳಿಗೆ ಕೈ ಬರಲಿಲ್ಲ ಅಷ್ಟೇ. ಮಾರನೆಯ ದಿನ ಜ್ವರ ಹಿಡಿಯಿತು. ಆರು ವರ್ಷ ಯಾವ ನೆಗಡಿಯನ್ನೂ ಕಾಣದ ಮೈ ಊರಿನ ಎಲ್ಲ ಕಾಯಿಲೆಯನ್ನೂ ಒಂದೊಂದಾಗಿ ಹಿಡಿದುಕೊಂಡಿತು. ಅವಳು ಎದ್ದು ಓಡಾಡುವಷ್ಟರಲ್ಲಿ ಮಳೆ ಶುರುವಾಗಿತ್ತು.

ವಾಪಸು ಹೋದಾಗ ಸೂರಿನ ಗಾಜು ಎರಡು ಕಡೆ ಬಿದ್ದು ಒಳಗೆಲ್ಲ ನೀರು ಸುರಿದಿತ್ತು. ಯಂತ್ರಗಳು ನಿಂತಿದ್ದವು. ಕಪ್ಪೆಗಳು ಸೇರಿಕೊಂಡಿದ್ದವು. ಕೊನೆಯ ಮಡಿಯ ಅಂಚಿನ ಗಿಡಗಳು ಕೊಳೆತು ಮಲಗಿದ್ದವು. ನಡುವೆ ಏಳೆಂಟು ಗಿಡ ಮಾತ್ರ ನೆಟ್ಟಗೆ ನಿಂತು ಬಿಳಿ ಹೂ ಬಿಟ್ಟಿದ್ದವು. ಎಲೆಯ ಮೇಲೆ ಚುಕ್ಕೆಯಿರಲಿಲ್ಲ. ಅವಳು ಬಹಳ ಹೊತ್ತು ಹತ್ತಿರ ಹೋಗಲಿಲ್ಲ.

ಆಮೇಲೆ ಬೇರಿನ ಚೂರು ತೆಗೆದು ಕೇಂದ್ರದ ಪ್ರಯೋಗಾಲಯಕ್ಕೆ ಒಯ್ದಳು. ಎಳೆಯ ಹೊರಮೈ ಬರಿದಾಗಿಯೇ ಇತ್ತು. ಮಣ್ಣಿನಲ್ಲಿ ಫೇಜ್ ತುಂಬಿ ತುಳುಕುತ್ತಿತ್ತು. ಬ್ಯಾಕ್ಟೀರಿಯಾ ಎಲ್ಲೂ ಇರಲಿಲ್ಲ. ಹಾಗಾದರೆ ಗಿಡ ಹೇಗೆ ಉಳಿಯಿತು? ಬಣ್ಣ ಹಾಕಿ ಮತ್ತೆ ನೋಡಿದಳು. ಆಗ ಕಂಡಿತು. ಬ್ಯಾಕ್ಟೀರಿಯಾ ಎಳೆಯ ಒಳಗಿತ್ತು. ಶಿಲೀಂಧ್ರದ ಆ ಕೊಳವೆಯೊಳಗೆ ಒಂದರ ಹಿಂದೊಂದು ಸಾಲಾಗಿ, ಓಣಿಯಲ್ಲಿ ಮಂದೆ ಸಾಗಿದ ಹಾಗೆ ಸಾಗುತ್ತಿದ್ದವು. ಫೇಜ್ ಆ ಗೋಡೆ ದಾಟಲಾರದೆ ಹೊರಗೇ ಉಳಿದಿತ್ತು.

ತಿಂಗಳುಗಟ್ಟಲೆ ಅದನ್ನೇ ಪರೀಕ್ಷಿಸಿದಳು. ವಿಷಯ ಸರಳವಾಗಿತ್ತು. ಅಪಾಯವಿಲ್ಲದ ಕಡೆ ಬ್ಯಾಕ್ಟೀರಿಯಾ ಎಳೆಯ ಹೊರಗೇ ಹಾಯಾಗಿರುತ್ತದೆ. ಫೇಜ್ ಮುತ್ತಿದಾಗ ಹೆಚ್ಚಿನವು ಸಾಯುತ್ತವೆ. ಉಳಿದ ಕೆಲವು ನಿಧಾನವಾಗಿ ಶಿಲೀಂಧ್ರದ ಒಳಗೆ ಸೇರಿಕೊಳ್ಳುತ್ತವೆ, ಅಲ್ಲಿಯೇ ಸಂತಾನ ಬೆಳೆಸುತ್ತವೆ. ಹಾಗೆ ಒಳಗೆ ಸೇರಿದ ಜೋಡಿಗೆ ಮತ್ತೆ ಯಾವ ಕಾವಲೂ ಬೇಡ. ಕೆರೆ ಏರಿಯ ಗಿಡಗಳು ಕೂಡ ಮೊದಲು ಹೀಗೆಯೇ ಉಳಿದಿದ್ದಿರಬೇಕು. ಮಾಡಬೇಕಾದ್ದು ಇಷ್ಟೇ, ಜೋಡಿಯನ್ನು ಫೇಜಿಗೆ ಒಡ್ಡಿ, ಕಿತ್ತುಹಾಕದೆ ಸ್ವಲ್ಪ ಕಾಲ ಬಿಡಬೇಕು.

ಮುಂದಿನ ಮುಂಗಾರಿಗೆ ಬಯಲಿನ ಒಂದು ಹೊಲದಲ್ಲಿ ಅದನ್ನು ಹಾಕಿದರು. ಸುತ್ತ ಬೇಲಿಯೂ ಇರಲಿಲ್ಲ. ಬರುವವರು ಕಾಲು ತೊಳೆಯಬೇಕೆಂಬ ನಿಯಮವೂ ಇರಲಿಲ್ಲ. ಜಿಟಿಜಿಟಿ ಮಳೆ ಹಿಡಿಯಿತು, ಪಕ್ಕದಲ್ಲಿ ಹೋಲಿಕೆಗೆಂದು ಜೋಡಿಯಿಲ್ಲದೆ ಬಿತ್ತಿದ್ದ ಸಾಲುಗಳು ಕಪ್ಪಾದವು, ಈ ಸಾಲುಗಳು ಹಸಿರಾಗಿಯೇ ನಿಂತವು.

ಅಗೆತದ ಹಿಂದಿನ ದಿನ ಅಂಬುಜಾಕ್ಷಿ ಕೋಲೂರಿಕೊಂಡು ಹೊಲ ನೋಡಲು ಬಂದರು. ಬದುವಿನ ಮೇಲೆ ನಿಂತು ಸಾಲುಗಳನ್ನು ಬಹಳ ಹೊತ್ತು ನೋಡಿದರು.

“ಮೊದಲನೇ ಸಲ ಫೇಜ್ ಒಳಗೆ ಬಂತಲ್ಲ, ನೀನು ಒಳಗೆ ಹೋಗೋಕೆ ಮುಂಚೆ. ಆವಾಗ ಆ ಮಡಿಗಳನ್ನ ನಾವು ಎಷ್ಟು ದಿನ ಬಿಟ್ಟಿದ್ವಿ?”

“ಬಿಡಲಿಲ್ಲ ಮೇಡಂ. ಅವತ್ತೇ ಕಿತ್ತು ಸುಟ್ವಿ.”

“ಕಿತ್ತು ಬಿಡಿ ಅಂದವಳು ನಾನೇ.”

“ಹೌದು ಮೇಡಂ.”

“ಬಿಟ್ಟಿದ್ರೆ?”

ಜಯಶೀಲಾ ಹೊಲದ ಕಡೆ ನೋಡುತ್ತಲೇ ಹೇಳಿದಳು. “ಬಿಟ್ಟಿದ್ರೆ ನಾನು ಒಳಗೆ ಹೋಗಬೇಕಾಗಿರಲಿಲ್ಲ.”

ಮುದುಕಿ ಕೋಲೂರಿ ಬದುವಿನಿಂದ ಇಳಿದರು. ಕಾರಿನವರೆಗೆ ಜಯಶೀಲಾ ಅವರ ಜೊತೆ ನಡೆದು ಹೋದಳು, ಬಾಗಿಲು ತೆರೆದು ಕೂರಿಸಿದಳು. ಕೋಪ ಬರಬಹುದೆಂದು ಕಾದು ನೋಡಿದಳು. ಬರಲಿಲ್ಲ. ಯಾರ ಮೇಲೆ ಹೊರಿಸಿದರೂ ಆ ವರ್ಷಗಳು ಹಾಗೇ ಅಲ್ಲೇ ಬಿದ್ದಿರುತ್ತವೆ ಎಂದು ಮಾತ್ರ ಅನ್ನಿಸಿತು.

ಮಾರನೆಯ ದಿನ ಅಗೆತ. ಕೂಲಿಗೆ ಬಂದ ಹೆಂಗಸರು ಸಾಲು ಹಿಡಿದು ಕುಳಿತು ಮಣ್ಣು ಕೆದಕುತ್ತ ಗೆಡ್ಡೆ ಆಯ್ದು ಮಂಕರಿಗೆ ಹಾಕುತ್ತಿದ್ದರು. ಗೆಡ್ಡೆಗಳು ಮುಷ್ಟಿಗಿಂತ ದಪ್ಪವಾಗಿ, ಸಿಪ್ಪೆ ನುಣ್ಣಗಿದ್ದವು. ಜಯಶೀಲಾ ಕೂಡ ಒಂದು ಸಾಲು ಹಿಡಿದಳು. ಮುಂದಾಳು ಪುಟ್ಟತಾಯಮ್ಮನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಆಫೀಸಿನ ಕಡೆಯವರು ಎಂದಷ್ಟೇ ತಿಳಿದಿದ್ದಳು. ಮಾತಿನ ನಡುವೆ ಯಾರೋ ಮಡಿಮನೆಯ ಸುದ್ದಿ ತೆಗೆದರು. ಅದರೊಳಗೆ ಒಬ್ಬಳನ್ನು ಕೂಡಿಹಾಕಿದ್ದರಂತೆ, ಕೊನೆಗೆ ತಲೆಕೆಟ್ಟು ಗಾಜು ಒಡೆದು ಓಡಿಹೋದಳಂತೆ ಎಂದರು. ಪಾಪ ಎಂದಳು ಒಬ್ಬಳು. ಜಯಶೀಲಾ ಗೆಡ್ಡೆಯ ಮಣ್ಣು ಒರೆಸುತ್ತ ಹೂಂ ಎಂದಳು.

ಮಧ್ಯಾಹ್ನ ಎಲ್ಲರೂ ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚಿದರು. ಜಯಶೀಲಾ ತನ್ನ ಡಬ್ಬಿ ಹಿಡಿದುಕೊಂಡು ಬಂದು ನಾಲ್ಕಾಳು ದೂರದಲ್ಲಿ, ನೆರಳು ಮುಗಿಯುವ ಕಡೆ ಕೂತಳು.

“ಅಲ್ಯಾಕ್ ಕೂತಿದ್ದೀರವ್ವ ಬಿಸಿಲಾಗೆ? ಇತ್ಲಾಗ್ ಬನ್ನಿ” ಎಂದಳು ಪುಟ್ಟತಾಯಮ್ಮ.

ಅವಳು ಎದ್ದು ಸ್ವಲ್ಪ ಮುಂದೆ ಬಂದು ಕೂತಳು.

“ಇನ್ನೂ ಇತ್ಲಾಗ್ ಬನ್ನಿ.”

ಇನ್ನೊಂದಿಷ್ಟು ಸರಿದಳು. ಜನ ಜನದ ನಡುವೆ ಎಷ್ಟು ಜಾಗ ಬಿಟ್ಟು ಕೂರುತ್ತಾರೆ ಎಂಬುದು ಅವಳಿಗೆ ಎಷ್ಟು ನೆನಪು ಮಾಡಿಕೊಂಡರೂ ನೆನಪಾಗಲಿಲ್ಲ. ಕೊನೆಗೆ ಪುಟ್ಟತಾಯಮ್ಮನೇ ಎದ್ದು ಬಂದಳು. ಪಕ್ಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ಅರ್ಧ ಮುದ್ದೆ ಮುರಿದು ಅವಳ ಡಬ್ಬಿಗೆ ಹಾಕಿದಳು. ಜಯಶೀಲಾ ಉಸಿರು ಹಿಡಿದು, ಹಿಂದೆ ಸರಿಯದೆ, ಅಲ್ಲಿಯೇ ಕೂತು ಉಂಡಳು.